ಅಂಬಾಸಿಡರಿಗೆ ಬದಲಿ ಸ್ಟಾರ್ಟರ್: ಕೊಳ್ಳುವ ಮೊದಲು ಹಲ್ಲೆಣಿಸಿ

ನಮ್ಮ ಮನೆಯಂಗಳದಲ್ಲಿ ಒಂದು ಅಂಬಾಸಿಡರ್ ಕಾರಿದೆ. ಮಾರ್ಕ್ 3 ಎಂಬ ಮಾದರಿ. 1978ರಲ್ಲಿ ತಂದೆಯವರು ಸಾಲ ಮಾಡಿ ಕೊಂಡದ್ದು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬಾಡಿಗೆಗೆ ಓಡಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಎಷ್ಟೋ ಗರ್ಭಿಣಿಯರನ್ನೂ, ಹಾವು ಕಚ್ಚಿದವರನ್ನೂ, ಮದುಮಕ್ಕಳನ್ನೂ ಹೊತ್ತು ಕಾಸರಗೋಡಿಗೂ ಮಂಗಳೂರಿಗೂ ಹೋಗಿಬಂದ ವಾಹನವದು. ಈಗ ಬಾಡಿಗೆಯಿಲ್ಲ. ತಂದೆಯವರಿಗೂ ಎಂಬತ್ತು ದಾಟಿತು. ಕಣ್ಣು ಮಂಜಾದ ಮೇಲೆ ಅವರು ಸ್ಟೀಯರಿಂಗ್ ಹಿಡಿದಿಲ್ಲ. ಆದರೂ ಬೆಳಗಿನ ಕಾಫಿಯಾದ ಮೇಲೆ ನಾನು ಕಾರನ್ನೊಮ್ಮೆ ಚಾಲೂ ಮಾಡಬೇಕು, ಅವರು ಜಗಲಿಯಲ್ಲಿ ಕುಳಿತು ಅದರ ಸದ್ದನ್ನು ಕೇಳಬೇಕು. ಇದು ನಮ್ಮ ಮನೆಯ ನಿತ್ಯವಿಧಿ.

ಅಕ್ಕನ ಮಗನ ಮದುವೆ ಪುತ್ತೂರಿನಲ್ಲಿ ನಿಶ್ಚಯವಾದಾಗ ಅಜ್ಜನ ಕಾರಿನಲ್ಲಿಯೇ ದಿಬ್ಬಣ ಹೊರಡಬೇಕೆಂದು ಮದುಮಗನೇ ಹಟ ಹಿಡಿದ. ಮದುವೆಗೆ ಇನ್ನೂ ಮೂರು ವಾರವಿದೆ ಎನ್ನುವಾಗ ಕಾರಿನ ಸ್ಟಾರ್ಟರ್ ಮೋಟಾರು ಕೆಟ್ಟಿತು. ಬದಲಿಯೊಂದನ್ನು ದೂರದ ಊರಿನ ಅಂಗಡಿಯೊಂದರಿಂದ ಫೋನಿನಲ್ಲಿಯೇ ಹೇಳಿ ತರಿಸಿದೆ. ಪೆಟ್ಟಿಗೆಯ ಮೇಲೆ ‘ಅಂಬಾಸಿಡರ್’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬೋಲ್ಟಿನ ತೂತುಗಳು ಸರಿಯಾಗಿ ಕೂತವು. ಕೀಲಿ ತಿರುಗಿಸಿದಾಗ ಮಾತ್ರ ಕಬ್ಬಿಣದ ಬಾಣಲೆಯಲ್ಲಿ ಒಣ ಅಡಿಕೆ ಅರೆದಂಥ ಸದ್ದು! ಎರಡು ಮೂರು ಬಾರಿ ಹಾಗೆಯೇ ತಿರುಗಿಸಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಬಿಚ್ಚಿ ನೋಡುವಾಗ ಫ್ಲೈವೀಲಿನ ಸುತ್ತಲಿನ ಹಲ್ಲುಬಳೆಯ ನಾಲ್ಕು ಹಲ್ಲುಗಳ ಅಂಚು ಕಿತ್ತುಹೋಗಿತ್ತು. ದಿಬ್ಬಣ ಬಾಡಿಗೆಯ ವ್ಯಾನಿನಲ್ಲಿ ಹೊರಟಿತು. ತಂದೆಯವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಹಳೆಯ ಕಾರುಗಳನ್ನು ಉಳಿಸಿಕೊಂಡ ಮನೆಗಳು ನಮ್ಮ ಭಾಗದಲ್ಲಿ ಇನ್ನೂ ಕೆಲವಿವೆ. ಅಂಥವರಿಗೆ ನನ್ನ ಗತಿ ಬಾರದಿರಲಿ ಎಂಬ ಉದ್ದೇಶದಿಂದ, ತಪ್ಪಿನಿಂದ ಕಲಿತದ್ದನ್ನೂ ತಿಳಿದವರಿಂದ ಕೇಳಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಕಾರು ಒಂದೇ, ಇಂಜಿನು ಹಲವು

ಅಂಬಾಸಿಡರ್ ಎಂದೊಡನೆ ಎಲ್ಲವೂ ಒಂದೇ ಎಂಬ ಭಾವನೆ ಜನರಲ್ಲಿದೆ. ಹೊರಗಿನ ರೂಪ ಹೆಚ್ಚು ಬದಲಾಗದಿದ್ದುದೇ ಇದಕ್ಕೆ ಕಾರಣ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನು ಆಧರಿಸಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ 1950ರ ದಶಕದ ಕೊನೆಯಿಂದ ಇದನ್ನು ತಯಾರಿಸತೊಡಗಿತು. 2014ರ ಮೇ ತಿಂಗಳಲ್ಲಿ ಆ ಕಾರ್ಖಾನೆಯ ಕೆಲಸ ನಿಂತಿತು. ಈ ಐವತ್ತೈದು ವರ್ಷಗಳಿಗೂ ಮಿಕ್ಕಿದ ಅವಧಿಯಲ್ಲಿ ಬಾನೆಟ್ಟಿನ ಕೆಳಗೆ ಆದ ಬದಲಾವಣೆ ಸಣ್ಣದಲ್ಲ.

ಮೊದಲು ಬಂದದ್ದು ಪಕ್ಕದಲ್ಲಿ ವಾಲ್ವುಗಳಿದ್ದ 1476 ಸಿ.ಸಿ. ಇಂಜಿನು. ಬಹುಬೇಗನೆ, 1959ರ ಹೊತ್ತಿಗೆ, ತಲೆಯ ಮೇಲೆ ವಾಲ್ವುಗಳಿರುವ 1489 ಸಿ.ಸಿ. ಬಿ.ಎಂ.ಸಿ. ಇಂಜಿನು ಅದರ ಸ್ಥಾನವನ್ನು ಹಿಡಿಯಿತು. ನಾವು ಬಾಲ್ಯದಿಂದ ಕೇಳಿದ ಅಂಬಾಸಿಡರಿನ ಸದ್ದು ಇದರದೇ. 1980ರ ಹೊತ್ತಿಗೆ ಅದೇ ಅಳತೆಯ ಡೀಸೆಲ್ ಇಂಜಿನು ಬಂತು. 1990ರ ದಶಕದಲ್ಲಿ ಜಪಾನಿನ ಇಸುಜು ಸಂಸ್ಥೆಯ ವಿನ್ಯಾಸದ 1817 ಸಿ.ಸಿ. ಪೆಟ್ರೋಲ್ ಇಂಜಿನು, ಅನಂತರ ಇಸುಜುವಿನದೇ ಡೀಸೆಲ್ ಇಂಜಿನು ಬಂದವು. ಡೀಸೆಲ್ ಇಂಜಿನಿನೊಳಗೆ ಗಾಳಿಯನ್ನು ಒತ್ತುವ ಪ್ರಮಾಣ ಪೆಟ್ರೋಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಅದನ್ನು ತಿರುಗಿಸುವ ಸ್ಟಾರ್ಟರೂ ಅಷ್ಟೇ ಬಲಿಷ್ಠವಾಗಿರಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಪೆಟ್ರೋಲಿನ ಬೆಲೆ ಏರಿದ ಕಾಲಕ್ಕೆ ಟ್ಯಾಕ್ಸಿಯವರನೇಕರು ಪೆಟ್ರೋಲ್ ಇಂಜಿನನ್ನು ಕಿತ್ತು ಡೀಸೆಲ್ ಇಂಜಿನನ್ನು ಕೂರಿಸಿದರು. ಆದ್ದರಿಂದ ‘1978ರ ಅಂಬಾಸಿಡರಿಗೆ ಸ್ಟಾರ್ಟರ್ ಕೊಡಿ’ ಎಂದು ಕೇಳುವುದು, ‘ಐವತ್ತು ವರ್ಷದವರಿಗೆ ಕನ್ನಡಕ ಕೊಡಿ’ ಎಂದು ಕೇಳಿದಂತೆ. ಮೊದಲು ನೋಡಬೇಕಾದದ್ದು ಆರ್.ಸಿ. ಪುಸ್ತಕವನ್ನಲ್ಲ, ಬಾನೆಟ್ಟಿನೊಳಗನ್ನು.

ಸ್ಟಾರ್ಟರಿನ ಕೆಲಸವೇನು?

ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಇಂಜಿನು ಚಾಲೂ ಮಾಡುವ ದೃಶ್ಯ ಹಿರಿಯರಿಗೆ ನೆನಪಿರಬಹುದು. ಹ್ಯಾಂಡಲು ಹಿಂದಕ್ಕೆ ಒದ್ದು ಕೈಮುರಿದುಕೊಂಡವರೂ ಇದ್ದರು. ಆ ಕಷ್ಟವನ್ನು ತಪ್ಪಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಳಕೆಗೆ ಬಂತು.

ಪೆಟ್ರೋಲ್ ಇಂಜಿನು ಹೊತ್ತಿಕೊಳ್ಳಬೇಕಾದರೆ ಅದನ್ನು ನಿಮಿಷಕ್ಕೆ ಸುಮಾರು ನೂರು ಸುತ್ತಿನಷ್ಟಾದರೂ ತಿರುಗಿಸಬೇಕು. ಸ್ಟಾರ್ಟರಿನ ತುದಿಯಲ್ಲಿ ಒಂಬತ್ತೋ ಹತ್ತೋ ಹಲ್ಲುಗಳ ಸಣ್ಣ ಚಕ್ರ, ಅಂದರೆ ಪಿನಿಯನ್, ಇರುತ್ತದೆ. ಇಂಜಿನಿನ ಹಿಂಬದಿಯ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ತೊಡಿಸಿದ ಉಕ್ಕಿನ ಬಳೆಯಲ್ಲಿ ನೂರಕ್ಕೆ ಮೇಲ್ಪಟ್ಟು ಹಲ್ಲುಗಳು. ಸಣ್ಣ ಚಕ್ರ ಹತ್ತು ಹನ್ನೆರಡು ಸುತ್ತು ಸುತ್ತಿದಾಗ ದೊಡ್ಡದು ಒಂದು ಸುತ್ತು ಸುತ್ತುತ್ತದೆ. ಬಾವಿಯ ರಾಟೆಯ ಲೆಕ್ಕವೇ.

ಇಂಜಿನು ಹೊತ್ತಿಕೊಂಡ ಮರುಕ್ಷಣ ಈ ಲೆಕ್ಕ ತಿರುಗುಮುರುಗು. ಇಂಜಿನು ಸಾವಿರ ಸುತ್ತಿಗೇರಿದಾಗಲೂ ಪಿನಿಯನ್ ಹಲ್ಲಿಗೆ ಹಲ್ಲು ಕಚ್ಚಿಕೊಂಡೇ ಇದ್ದರೆ ಸ್ಟಾರ್ಟರು ಹತ್ತು ಸಾವಿರ ಸುತ್ತಿನ ವೇಗಕ್ಕೆ ಏರಿ ಒಳಗಿನ ತಂತಿಗಳು ಚೆಲ್ಲಾಪಿಲ್ಲಿಯಾದಾವು. ಆದ್ದರಿಂದ ಸರಿಯಾದ ಹೊತ್ತಿಗೆ ಕಚ್ಚುವುದು, ಸರಿಯಾದ ಹೊತ್ತಿಗೆ ಬಿಡುವುದು, ಈ ಎರಡೂ ಸ್ಟಾರ್ಟರಿನ ಕೆಲಸವೇ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಎರಡರಲ್ಲೊಂದು ಕೆಡುತ್ತದೆ.

ಎರಡು ಜಾತಿಗಳು

ಹಳೆಯ ಕಾರುಗಳ ಸ್ಟಾರ್ಟರುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಬೆಂಡಿಕ್ಸ್ ಎಂದು ನಮ್ಮ ಮೆಕ್ಯಾನಿಕರು ಕರೆಯುವುದು ಮೊದಲನೆಯ ಜಾತಿ. ಇದರಲ್ಲಿ ಪಿನಿಯನ್ನು ತಿರುಪಿನಂತೆ ಸುತ್ತುಗೆರೆಯಿರುವ ದಂಡದ ಮೇಲೆ ಕೂತಿರುತ್ತದೆ. ಮೋಟಾರು ಥಟ್ಟನೆ ತಿರುಗಿದಾಗ ಪಿನಿಯನ್ನು ತನ್ನ ಜಡತ್ವದಿಂದ ಹಿಂದುಳಿದು, ತಿರುಪಿನ ಮೇಲೆ ಸರಿದು ಹೋಗಿ ಹಲ್ಲುಬಳೆಯನ್ನು ಕಚ್ಚುತ್ತದೆ. ಇಂಜಿನು ಹೊತ್ತಿಕೊಂಡೊಡನೆ ಬಳೆಯೇ ಅದನ್ನು ಹಿಂದಕ್ಕೆ ಎಸೆಯುತ್ತದೆ. ಈ ಜಾತಿಯ ಸ್ಟಾರ್ಟರಿಗೆ ಸ್ವಿಚ್ಚು, ಎಂದರೆ ಸೊಲೆನಾಯ್ಡ್, ಪ್ರತ್ಯೇಕವಾಗಿ ಬೇರೆಡೆ ಇರುತ್ತದೆ. ಹಳೆಯ ಬಿ.ಎಂ.ಸಿ. ಇಂಜಿನುಗಳಲ್ಲಿ ಕಾಣಸಿಗುವ ಲೂಕಾಸ್ ಎಂ 35 ಜಿ ಎಂಬುದು ಈ ಜಾತಿಯದು.

ಎರಡನೆಯ ಜಾತಿಯಲ್ಲಿ ಸೊಲೆನಾಯ್ಡ್ ಸ್ಟಾರ್ಟರಿನ ಬೆನ್ನ ಮೇಲೆಯೇ ಕೂತಿರುತ್ತದೆ. ಕೀಲಿ ತಿರುಗಿಸಿದಾಗ ಅದು ಮೊದಲು ಒಂದು ಸನ್ನೆಯಿಂದ ಪಿನಿಯನ್ನನ್ನು ದೂಡಿ ಹಲ್ಲಿಗೆ ಹಲ್ಲು ಕೂರಿಸುತ್ತದೆ. ಅನಂತರವೇ ಮೋಟಾರಿಗೆ ಪೂರ್ಣ ವಿದ್ಯುತ್ತು ಹರಿಯುವುದು. ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ಚೊಂದು ಅದರ ರಕ್ಷಣೆಗಿರುತ್ತದೆ. ಹಲ್ಲಿಗೆ ಪೆಟ್ಟು ಕಡಿಮೆ, ಬಾಳಿಕೆ ಹೆಚ್ಚು.

ಹಾಗಾದರೆ ಮೊದಲನೆಯದನ್ನು ತೆಗೆದು ಎರಡನೆಯದನ್ನು ಹಾಕಬಹುದಲ್ಲ ಎಂದು ಕೇಳಬಹುದು. ಇಲ್ಲಿಯೇ ಅನೇಕರು ಎಡವುವುದು. ಪಿನಿಯನ್ನು ಯಾವ ಬದಿಯಿಂದ ಒಳಗೆ ಬರುತ್ತದೆಯೋ ಆ ಬದಿಯಲ್ಲಿ ಬಳೆಯ ಹಲ್ಲುಗಳ ಅಂಚನ್ನು ಇಳಿಜಾರಾಗಿ ಕೆತ್ತಿರುತ್ತಾರೆ. ಒಂದು ಜಾತಿಯಲ್ಲಿ ಪಿನಿಯನ್ನು ಗೇರುಪೆಟ್ಟಿಗೆಯ ಕಡೆಯಿಂದ ಮೋಟಾರಿನತ್ತ ಸರಿದು ಬರುವುದಾದರೆ ಮತ್ತೊಂದರಲ್ಲಿ ಮೋಟಾರಿನ ಕಡೆಯಿಂದ ಹೊರಕ್ಕೆ ಹೋಗುತ್ತದೆ. ಇಳಿಜಾರಿಲ್ಲದ ಬದಿಯಿಂದ ನುಗ್ಗಿದ ಪಿನಿಯನ್ನು ದಿನವೂ ಬಳೆಯ ಅಂಚನ್ನು ಕೊರೆಯುತ್ತಿರುತ್ತದೆ. ಕೆಲವು ಕಾರುಗಳಲ್ಲಿ ಹಲ್ಲುಗಳ ಸಂಖ್ಯೆಯೇ ಬೇರೆ. ಇಂಗ್ಲೆಂಡಿನ ಪ್ರಸಿದ್ಧ ಮಿನಿ ಕಾರನ್ನೇ ತೆಗೆದುಕೊಳ್ಳಿ: ಬೆಂಡಿಕ್ಸ್ ಜಾತಿಯ ಸ್ಟಾರ್ಟರಿದ್ದಾಗ ಅದರ ಬಳೆಗೆ 107 ಹಲ್ಲು, ಎರಡನೆಯ ಜಾತಿ ಬಂದಾಗ 129 ಹಲ್ಲು. ಸ್ಟಾರ್ಟರ್ ಮಾತ್ರ ಬದಲಿಸಿ ಬಳೆಯನ್ನು ಹಾಗೆಯೇ ಬಿಟ್ಟವನ ಕಾರು ಏನಾದೀತೆಂದು ಹೇಳಬೇಕಾಗಿಲ್ಲ.

ಮೊದಲ ಪ್ರಶ್ನೆ: ಅಪರಾಧಿ ಸ್ಟಾರ್ಟರೇ ಹೌದೇ?

ಕಾರು ಚಾಲೂ ಆಗದಿದ್ದರೆ ಸ್ಟಾರ್ಟರ್ ಹೋಯಿತು ಎಂಬ ತೀರ್ಮಾನ ನಮ್ಮಲ್ಲಿ ಬಹಳ ಬೇಗ ಬರುತ್ತದೆ. ಬದಲಿಯನ್ನು ಹುಡುಕುವ ಮೊದಲು ಒಂದು ಗಂಟೆ ವಿನಿಯೋಗಿಸಿ ಈ ಕೆಳಗಿನವನ್ನು ಪರೀಕ್ಷಿಸುವುದು ಒಳ್ಳೆಯದು.

ಕಾರಿನ ಮುಂದೀಪವೊಂದು ಐದು ಆಂಪಿಯರ್ ವಿದ್ಯುತ್ತನ್ನು ಎಳೆದರೆ, ಸ್ಟಾರ್ಟರು ಇಂಜಿನನ್ನು ತಿರುಗಿಸುವಾಗ ನೂರು ಇನ್ನೂರು ಆಂಪಿಯರನ್ನು ಎಳೆಯುತ್ತದೆ. ತಿರುಗದೆ ಸಿಕ್ಕಿಕೊಂಡರೆ ಮುನ್ನೂರನ್ನೂ ಮೀರೀತು. ಇಷ್ಟು ಪ್ರವಾಹಕ್ಕೆ ಒಂದು ತುಕ್ಕುಹಿಡಿದ ಬೋಲ್ಟೇ ದೊಡ್ಡ ಅಡ್ಡಿ. ದೀಪ ಚೆನ್ನಾಗಿ ಉರಿಯುತ್ತದೆ ಎಂಬ ಮಾತ್ರಕ್ಕೆ ಬ್ಯಾಟರಿ ಸರಿಯಿದೆ ಎಂದು ಹೇಳುವಂತಿಲ್ಲ. ವೋಲ್ಟ್ ಮೀಟರನ್ನು ಬ್ಯಾಟರಿಯ ಎರಡು ಕಂಬಗಳಿಗೆ ಹಿಡಿದು ಒಬ್ಬರು ಕೀಲಿ ತಿರುಗಿಸಲಿ. ಹನ್ನೆರಡು ವೋಲ್ಟಿನ ಬ್ಯಾಟರಿ ಆಗ ಒಂಬತ್ತೂವರೆಗಿಂತ ಕೆಳಗಿಳಿದರೆ ಮೊದಲು ಬ್ಯಾಟರಿಯ ಆರೋಗ್ಯವನ್ನು ಸಂಶಯಿಸಬೇಕು.

ಇನ್ನು ಅರ್ತ್ ಪಟ್ಟಿ. ಇಂಜಿನು ರಬ್ಬರಿನ ಮೇಲೆ ಕೂತಿರುವುದರಿಂದ ಅದಕ್ಕೂ ಕಾರಿನ ಒಡಲಿಗೂ ಹೆಣೆದ ತಾಮ್ರದ ಪಟ್ಟಿಯೊಂದು ಸಂಬಂಧ ಕಲ್ಪಿಸುತ್ತದೆ. ನಮ್ಮ ಕಡಲತೀರದ ಉಪ್ಪುಗಾಳಿಗೂ ಆರು ತಿಂಗಳ ಮಳೆಗೂ ಅದು ಹಸುರುಗಟ್ಟಿ ಪುಡಿಯಾಗುತ್ತದೆ. ಆಗ ಅಷ್ಟೂ ವಿದ್ಯುತ್ತು ಚೋಕಿನ ತಂತಿ, ಆಕ್ಸಿಲರೇಟರಿನ ತಂತಿಗಳ ಮೂಲಕ ದಾರಿ ಹುಡುಕುತ್ತದೆ. ಸ್ಟಾರ್ಟ್ ಮಾಡುವಾಗ ಚೋಕಿನ ತಂತಿ ಬಿಸಿಯಾಗುತ್ತಿದೆ ಎಂದರೆ ರೋಗ ಇಲ್ಲಿಯೇ ಇದೆ.

ಬೆಂಡಿಕ್ಸ್ ಜಾತಿಯದಾದರೆ ಪಿನಿಯನ್ನು ಬಳೆಯಲ್ಲಿ ಸಿಕ್ಕಿಕೊಂಡಿರಲೂಬಹುದು. ಕೀಲಿಯನ್ನು ತೆಗೆದು, ಕಾರನ್ನು ಟಾಪ್ ಗೇರಿಗೆ ಹಾಕಿ, ಹಿಂದೆ ಮುಂದೆ ಅಲುಗಿಸಿದರೆ ಅನೇಕ ಬಾರಿ ಬಿಡುತ್ತದೆ. ಲೂಕಾಸ್ ಸ್ಟಾರ್ಟರಿನ ಹಿಂತುದಿಯಲ್ಲಿ ಸಣ್ಣ ಮುಚ್ಚಳದೊಳಗೆ ದಂಡದ ಚೌಕನೆಯ ತುದಿಯಿದೆ. ಅದಕ್ಕೆ ಸ್ಪಾನರು ಹಾಕಿ ತಿರುಗಿಸಿಯೂ ಬಿಡಿಸಬಹುದು. ಮೋಟಾರು ಬರಿದೇ ಗುಂಯ್‌ಗುಟ್ಟಿ ಇಂಜಿನು ತಿರುಗದಿದ್ದರೆ ತಿರುಪಿನ ದಂಡಕ್ಕೆ ಕೊಳೆ ಅಂಟಿದೆ ಎಂದರ್ಥ. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣದಾಗಿಯೇ ಬಿಡಬೇಕು. ಎಣ್ಣೆ ಹಾಕುವುದು ನಮ್ಮ ಹಳೆಯ ಅಭ್ಯಾಸ. ಇಲ್ಲಿ ಅದೇ ಕೆಡುಕು. ಎಣ್ಣೆಗೆ ಕ್ಲಚ್ಚಿನ ಧೂಳು ಅಂಟಿ ಮತ್ತೆ ಪಿನಿಯನ್ನು ಸರಿಯದು.

ಇಷ್ಟೆಲ್ಲ ನೋಡಿಯೂ ಸ್ಟಾರ್ಟರೇ ಅಪರಾಧಿ ಎಂದಾದರೆ, ಹಳೆಯದನ್ನೇ ದುರಸ್ತಿ ಮಾಡಿಸಲು ಸಾಧ್ಯವೇ ಎಂದು ಯೋಚಿಸಿ. ಕಾರ್ಬನ್ ಬ್ರಷ್, ಬುಷ್, ಸ್ಪ್ರಿಂಗು ಸವೆದದ್ದಾದರೆ ಊರಿನ ಒಳ್ಳೆಯ ಆಟೋ ಇಲೆಕ್ಟ್ರಿಷಿಯನ್ ಒಂದು ದಿನದಲ್ಲಿ ಸರಿಪಡಿಸುತ್ತಾನೆ. ಆ ಕಾರಿಗೆ ಕೂರುವುದೆಂದು ಖಚಿತವಾಗಿ ಗೊತ್ತಿರುವ ಸ್ಟಾರ್ಟರ್ ಅದೊಂದೇ ತಾನೆ!

ಹಳೆಯದನ್ನು ಬಿಸಾಡಬೇಡಿ

ಬದಲಿ ಕೊಳ್ಳಲೇಬೇಕಾದಾಗ ಹಳೆಯದೇ ನಮ್ಮ ಅಳತೆಗೋಲು. ನಾನು ಮಾಡಿದ ಮೊದಲ ತಪ್ಪೆಂದರೆ ಹಳೆಯದನ್ನು ಬಿಚ್ಚದೆ ಹೊಸದನ್ನು ಹೇಳಿ ತರಿಸಿದ್ದು. ಎರಡನೆಯದು, ಬಂದದ್ದನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡದೆ ನೇರವಾಗಿ ಕೂರಿಸಿದ್ದು.

ಮೊದಲು ಹಳೆಯದರ ಮೈಯನ್ನು ತೊಳೆದು ಕೆತ್ತಿದ ಅಕ್ಷರಗಳನ್ನು ಬರೆದುಕೊಳ್ಳಿ. ಲೂಕಾಸಿನವರು ಮಾದರಿ, ಭಾಗಸಂಖ್ಯೆ, ತಯಾರಾದ ತಿಂಗಳು ವರ್ಷ ಇವನ್ನು ಮೈಮೇಲೆಯೇ ಒತ್ತುತ್ತಿದ್ದರು. 1961ರಲ್ಲಿ ಲೂಕಾಸ್ ಮತ್ತು ಟಿ.ವಿ.ಎಸ್. ಸಂಸ್ಥೆಗಳು ಸೇರಿ ಮದ್ರಾಸಿನಲ್ಲಿ ಆರಂಭಿಸಿದ ಲೂಕಾಸ್ ಟಿ.ವಿ.ಎಸ್. ಕಂಪೆನಿಯ ಹೆಸರೂ ನಮ್ಮ ಕಾರುಗಳಲ್ಲಿ ಕಾಣಸಿಗುತ್ತದೆ. ಆದರೆ ಸಂಖ್ಯೆಯನ್ನೇ ಕುರುಡಾಗಿ ನಂಬಬಾರದು. ನಾಲ್ಕೈದು ದಶಕಗಳಲ್ಲಿ ಒಂದರ ಮೈಗೆ ಇನ್ನೊಂದರ ದಂಡ, ಮತ್ತೊಂದರ ಮೂತಿ ಸೇರಿಸಿ ದುರಸ್ತಿ ಮಾಡಿದ ಸ್ಟಾರ್ಟರುಗಳೇ ಪೇಟೆಯಲ್ಲಿ ಹೆಚ್ಚು. ನನಗೆ ಬಂದದ್ದೂ ಅಂಥದೇ: ಮೈ ನಮ್ಮ ಕಾರಿನದು, ಪಿನಿಯನ್ನು ಮಾತ್ರ ಬೇರಾವುದರದೋ. ಹಳೆಯದಕ್ಕೆ ಒಂಬತ್ತು ಹಲ್ಲು, ಬಂದದ್ದಕ್ಕೆ ಹತ್ತು.

ಈ ಹಲ್ಲೆಣಿಕೆಯ ಸಮಯದಲ್ಲಿ ನಡೆದ ಪ್ರಸಂಗವನ್ನು ಹೇಳಲೇಬೇಕು. ವರ್ಕ್‌ಶಾಪಿನ ಯಜಮಾನ ಮಲೆಯಾಳಿ. ಕೈಕೆಲಸದ ಹುಡುಗ ಮಂಜೇಶ್ವರ ಕಡೆಯವನು, ಮನೆಮಾತು ತುಳು. ಹುಡುಗ ಸ್ಟಾರ್ಟರನ್ನು ಹಿಡಿದು ತನ್ನಷ್ಟಕ್ಕೆ ‘ಏತ್ ಕೂಲಿ ಉಂಡು?’ ಎಂದು ಎಣಿಸತೊಡಗಿದ. ತುಳುವಿನಲ್ಲಿ ಕೂಲಿಯೆಂದರೆ ಹಲ್ಲು. ಯಜಮಾನನ ಕಿವಿಗೂ ನನ್ನ ಕಿವಿಗೂ ಅದು ಸಂಬಳವಾಗಿ ಕೇಳಿಸಿತು. ‘ಕೆಲಸ ಮುಗಿಯುವ ಮೊದಲೇ ಕೂಲಿಯ ಮಾತೇ?’ ಎಂದು ಯಜಮಾನ ಗದರಿದಾಗ ಹುಡುಗ ಬಾಯಿ ತೆರೆದು ತನ್ನ ಹಲ್ಲನ್ನೇ ಮುಟ್ಟಿ ತೋರಿಸಿದ. ನಕ್ಕು ಸುಸ್ತಾದೆವು. ಹಲ್ಲು, ಪಲ್ಲು, ಕೂಲಿ, ಏನೆಂದರೂ ಎಣಿಸಿದಾಗ ಬಂದದ್ದು ಹತ್ತೇ. ಆ ಎಣಿಕೆಯನ್ನು ಮೊದಲೇ ಮಾಡಿದ್ದರೆ ಮದುವೆಯ ದಿಬ್ಬಣ ನಮ್ಮ ಕಾರಿನಲ್ಲಿಯೇ ಹೋಗುತ್ತಿತ್ತು.

ಹೋಲಿಸಬೇಕಾದ ಏಳು ಸಂಗತಿಗಳು

ಹಳೆಯದನ್ನೂ ಹೊಸದನ್ನೂ ಮೇಜಿನ ಮೇಲೆ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು, ಅಳತೆಯ ಕ್ಯಾಲಿಪರನ್ನು ಕೈಯಲ್ಲಿ ಹಿಡಿದು ಈ ಕ್ರಮದಲ್ಲಿ ನೋಡಬೇಕು.

ಒಂದು: ಬೋಲ್ಟಿನ ತೂತುಗಳು. ಎರಡು ತೂತುಗಳ ನಡುವಣ ಅಂತರ, ತೂತಿನ ಗಾತ್ರ, ಅದು ಬರಿಯ ತೂತೇ ಅಥವಾ ಒಳಗೆ ಮರೆಯಿದೆಯೇ ಎಂಬುದನ್ನು ನೋಡಿ. ಇವು ಹೊಂದಿದರೆ ಪರೀಕ್ಷೆ ಮುಗಿಯಿತೆಂದು ತಿಳಿಯಬೇಡಿ, ಆರಂಭವಾಯಿತೆಂದು ತಿಳಿಯಿರಿ.

ಎರಡು: ಕೊರಳು. ಸ್ಟಾರ್ಟರಿನ ಮೂತಿಯ ಬುಡದಲ್ಲಿ ದುಂಡನೆಯ ಏರೊಂದು ಇದ್ದು ಅದು ಇಂಜಿನಿನ ಹಿಂತಟ್ಟೆಯ ರಂಧ್ರದಲ್ಲಿ ಬಿಗಿಯಾಗಿ ಕೂರುತ್ತದೆ. ಪಿನಿಯನ್ನಿಗೂ ಬಳೆಗೂ ನಡುವಣ ದೂರವನ್ನು ನಿಶ್ಚಯಿಸುವುದು ಬೋಲ್ಟುಗಳಲ್ಲ, ಈ ಕೊರಳು. ಇದರ ವ್ಯಾಸ ಕಡಿಮೆಯಿದ್ದರೆ ಸ್ಟಾರ್ಟರ್ ಓರೆಯಾಗಿ ಕೂರುತ್ತದೆ. ಹೆಚ್ಚಿದ್ದರೆ ಕೂರುವುದೇ ಇಲ್ಲ. ಅರದಿಂದ ಉಜ್ಜಿ ಕೂರಿಸುವ ಸಾಹಸ ಬೇಡ.

ಮೂರು: ಪಿನಿಯನ್ನು. ಹಲ್ಲುಗಳನ್ನು ಎಣಿಸಿ, ಹೊರವ್ಯಾಸವನ್ನು ಅಳೆಯಿರಿ. ಎರಡೂ ಒಂದೇ ಆಗಿರಬೇಕು. ಹಲ್ಲಿನ ಗಾತ್ರವೂ ಆಕಾರವೂ ಒಂದೇ ಆಗಿದ್ದರೆ ಒಂದರ ಹಲ್ಲುಗಳ ನಡುವೆ ಮತ್ತೊಂದರ ಹಲ್ಲು ಸಂದಿಲ್ಲದೆ ಸೇರುತ್ತದೆ. ಎರಡು ಪಿನಿಯನ್ನುಗಳನ್ನು ಕಚ್ಚಿಸಿ ಬೆಳಕಿಗೆ ಹಿಡಿದು ನೋಡಬಹುದು.

ನಾಲ್ಕು: ಪಿನಿಯನ್ನಿನ ದೂರ. ಕೂರುವ ತಟ್ಟೆಯಿಂದ ಪಿನಿಯನ್ನಿನ ಅಂಚಿಗೆ ಎಷ್ಟು ದೂರ ಎಂಬುದನ್ನು ವಿಶ್ರಾಂತಿಯ ಸ್ಥಿತಿಯಲ್ಲೊಮ್ಮೆ, ಕೈಯಿಂದ ಪೂರ್ತಿ ಸರಿಸಿ ಮತ್ತೊಮ್ಮೆ ಅಳೆಯಬೇಕು. ವಿಶ್ರಾಂತಿಯಲ್ಲಿರುವಾಗ ಪಿನಿಯನ್ನಿಗೂ ಬಳೆಗೂ ಸುಮಾರು ಮೂರು ಮಿಲಿಮೀಟರಿನಷ್ಟಾದರೂ ಬಿಡುವು ಬೇಕು. ಸರಿದಾಗ ಬಳೆಯ ಹಲ್ಲಿನ ಅಗಲದ ಬಹುಭಾಗವನ್ನು ಅದು ಹಿಡಿಯಬೇಕು.

ಐದು: ತಿರುಗುವ ದಿಕ್ಕು. ನಮ್ಮ ಕಾರಿನ ಇಂಜಿನು ಮುಂಭಾಗದಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಸ್ಟಾರ್ಟರಿನ ಮೈ ಮುಂದಕ್ಕೂ ಪಿನಿಯನ್ನು ಹಿಂದಕ್ಕೂ ಇರುವುದರಿಂದ, ಪಿನಿಯನ್ನಿನ ಕಡೆಯಿಂದ ನೋಡಿದಾಗ ಅದೂ ಗಡಿಯಾರದ ಮುಳ್ಳಿನಂತೆಯೇ ತಿರುಗಬೇಕು. ಗೇರುಪೆಟ್ಟಿಗೆಯ ಮಗ್ಗುಲಲ್ಲಿ ಮಲಗಿ ಪಿನಿಯನ್ನು ಮುಂದಕ್ಕಿರುವ ಬೇರೆ ಕಾರುಗಳ ಸ್ಟಾರ್ಟರು ಇದಕ್ಕೆ ವಿರುದ್ಧ. ಅಂಥದನ್ನು ತಂದು ಹಾಕಿದರೆ ಇಂಜಿನನ್ನು ಹಿಂದಕ್ಕೆ ತಿರುಗಿಸಿದಂತೆ.

ಆರು: ಮೈಯ ಉದ್ದ ಮತ್ತು ದಪ್ಪ. ಸ್ಟಾರ್ಟರು ಡಿಸ್ಟ್ರಿಬ್ಯೂಟರ್ ಇರುವ ಮಗ್ಗುಲಲ್ಲಿ ಇಕ್ಕಟ್ಟಿನಲ್ಲಿ ಮಲಗಿರುತ್ತದೆ. ಬೆನ್ನ ಮೇಲೆ ಸೊಲೆನಾಯ್ಡ್ ಹೊತ್ತ ಜಾತಿಯದನ್ನು ತಂದರೆ ಅದಕ್ಕೆ ಜಾಗವಿದೆಯೇ, ವಿದ್ಯುತ್ತಿನ ತುದಿ ಬೇರೆ ಲೋಹಕ್ಕೆ ತಾಗೀತೇ ಎಂದು ಮೊದಲೇ ನೋಡಬೇಕು. ಆ ತುದಿ ಒಡಲಿಗೆ ತಾಗಿದರೆ ಬೆಂಕಿಯೇ ಸರಿ.

ಏಳು: ವೋಲ್ಟೇಜು ಮತ್ತು ಅರ್ತಿನ ಧ್ರುವ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಒಡಲಿಗೆ ಸೇರಿಸುವ ರೂಢಿಯಿತ್ತು. ಒಳಗೆ ತಂತಿಯ ಸುರುಳಿಗಳಿಂದಲೇ ಕಾಂತವಾಗುವ ಹಳೆಯ ಸ್ಟಾರ್ಟರಿಗೆ ಇದರಿಂದ ವ್ಯತ್ಯಾಸವಿಲ್ಲ. ಧ್ರುವ ಅದಲುಬದಲಾದರೆ ಎರಡೂ ಸುರುಳಿಗಳಲ್ಲಿ ಪ್ರವಾಹ ತಿರುಗಿ, ಮೋಟಾರು ಮೊದಲಿನ ದಿಕ್ಕಿಗೇ ಸುತ್ತುತ್ತದೆ. ಆದರೆ ಈಗ ಬರುವ, ಶಾಶ್ವತ ಕಾಂತವಿರುವ ಹಗುರವಾದ ಗೇರ್ ಸ್ಟಾರ್ಟರುಗಳು ಹಾಗಲ್ಲ. ಧ್ರುವ ಬದಲಾದರೆ ಅವು ಉಲ್ಟಾ ತಿರುಗುತ್ತವೆ. ನಿಮ್ಮ ಕಾರಿನಲ್ಲಿ ಒಡಲಿಗೆ ಸೇರಿದ್ದು ಯಾವ ತುದಿಯೆಂದು ನೋಡದೆ ಅಂಥದನ್ನು ಕೊಳ್ಳಬೇಡಿ.

ಬಳೆಯನ್ನೂ ನೋಡಿ

ಸ್ಟಾರ್ಟರ್ ತೆಗೆದ ರಂಧ್ರದಲ್ಲಿ ಟಾರ್ಚು ಬಿಟ್ಟು, ಮುಂದಿನಿಂದ ಹ್ಯಾಂಡಲಿನಲ್ಲಿ ಇಂಜಿನನ್ನು ಮೆಲ್ಲನೆ ತಿರುಗಿಸುತ್ತಾ ಬಳೆಯ ಹಲ್ಲುಗಳನ್ನು ಒಂದೊಂದಾಗಿ ನೋಡಬೇಕು. ಅಂಬಾಸಿಡರಿಗೆ ಹ್ಯಾಂಡಲಿನ ಸೌಕರ್ಯವಿರುವುದು ಇಂಥ ಹೊತ್ತಿಗೆ ದೊಡ್ಡ ಉಪಕಾರ. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಅಲ್ಲಿಂದಲೇ ಎಣಿಕೆ ಆರಂಭಿಸಿದರೆ ಒಟ್ಟು ಸಂಖ್ಯೆಯೂ ಸಿಗುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಟ್ಟರೆ ತಿರುಗಿಸಲು ಹಗುರ.

ನಾಲ್ಕು ಸಿಲಿಂಡರಿನ ಇಂಜಿನನ್ನು ನಿಲ್ಲಿಸಿದಾಗ ಅದು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಒಳಗಿನ ಒತ್ತಡದಿಂದಾಗಿ ಅರ್ಧ ಸುತ್ತಿನ ಅಂತರದ ಎರಡು ಜಾಗಗಳಲ್ಲಿಯೇ ಹೆಚ್ಚಾಗಿ ನಿಲ್ಲುತ್ತದೆ. ಮರುದಿನ ಪಿನಿಯನ್ನು ಬಂದು ಬಡಿಯುವುದೂ ಆ ಎರಡು ಜಾಗಗಳಿಗೇ. ಆದ್ದರಿಂದ ಬಳೆ ಸವೆದಿದ್ದರೆ ಎದುರುಬದುರಾಗಿ ಎರಡು ಕಡೆ ಸವೆದಿರುತ್ತದೆ. ಒಮ್ಮೆ ಚಾಲೂ ಆಗಿ ಮತ್ತೊಮ್ಮೆ ಕರಕರ ಎನ್ನುವ ಕಾರಿನ ಗುಟ್ಟು ಇದೇ. ಇಂಥ ಬಳೆಗೆ ಹೊಸ ಸ್ಟಾರ್ಟರ್ ಹಾಕಿದರೆ ಹೊಸ ಪಿನಿಯನ್ನೂ ಹಾಳಾದೀತೇ ಹೊರತು ರೋಗ ವಾಸಿಯಾಗದು. ಬಳೆಯನ್ನು ಬಿಸಿ ಮಾಡಿ ಹಿಗ್ಗಿಸಿ ಫ್ಲೈವೀಲಿಗೆ ಕೂರಿಸಿರುತ್ತಾರೆ. ಅದನ್ನು ಬದಲಿಸಬೇಕಾದರೆ ಗೇರುಪೆಟ್ಟಿಗೆಯನ್ನು ಇಳಿಸಬೇಕು. ನನಗೆ ಸ್ಟಾರ್ಟರಿನ ಬೆಲೆಗಿಂತ ದುಬಾರಿಯಾದದ್ದು ಈ ಕೆಲಸವೇ.

ಕೂರಿಸುವಾಗ

ಹೊಸ ಸ್ಟಾರ್ಟರನ್ನು ಕಾರಿಗೆ ಹತ್ತಿಸುವ ಮೊದಲು ಬೆಂಚಿನ ಮೇಲೆ ಒಮ್ಮೆ ತಿರುಗಿಸಿ ನೋಡಬೇಕು. ವೈಸಿನಲ್ಲಿ ಭದ್ರವಾಗಿ ಹಿಡಿಸಿಯೇ ವಿದ್ಯುತ್ತು ಕೊಡಿ; ಥಟ್ಟನೆ ತಿರುಗುವ ರಭಸಕ್ಕೆ ಅದು ಮೇಜಿನಿಂದ ಹಾರಿ ಕಾಲಮೇಲೆ ಬೀಳಬಹುದು. ದಿಕ್ಕು ಸರಿಯಿದೆಯೇ, ಪಿನಿಯನ್ನು ಚುರುಕಾಗಿ ಸರಿಯುತ್ತದೆಯೇ ನೋಡಿ.

ಸ್ಟಾರ್ಟರಿನ ವಿದ್ಯುತ್ತು ಹಿಂದಿರುಗುವುದು ಅದರ ಮೈಯ ಮೂಲಕವೇ. ಹೊಸದೆಂದು ತೋರಿಸಲು ಅಂಗಡಿಯವರು ಕೂರುವ ತಟ್ಟೆಗೂ ಬಣ್ಣ ಬಳಿದಿರುತ್ತಾರೆ. ಅದನ್ನು ಕೆರೆದು ಲೋಹ ಕಾಣುವಂತೆ ಮಾಡಿ. ಬ್ಯಾಟರಿಯ ತಂತಿಯನ್ನು ಬಿಚ್ಚಿಯೇ ಕೆಲಸ ಆರಂಭಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬೋಲ್ಟು ಬಿಗಿದ ಮೇಲೆ, ಬ್ಯಾಟರಿ ಸೇರಿಸುವ ಮೊದಲು, ಹ್ಯಾಂಡಲಿನಿಂದ ಇಂಜಿನನ್ನು ಎರಡು ಸುತ್ತು ತಿರುಗಿಸಿ. ಎಲ್ಲಿಯೂ ಉಜ್ಜುವ ಸದ್ದು ಬರಬಾರದು. ಹಲ್ಲು ಎಷ್ಟು ಕಚ್ಚುತ್ತದೆಂದು ತಿಳಿಯಬೇಕಾದರೆ ಬಟ್ಟೆಗೆ ಹಾಕುವ ನೀಲಿಯನ್ನು ಎಣ್ಣೆಯಲ್ಲಿ ಕಲಸಿ ಪಿನಿಯನ್ನಿಗೆ ತೆಳ್ಳಗೆ ಹಚ್ಚಿ, ಒಮ್ಮೆ ಮಾತ್ರ ತಿರುಗಿಸಿ, ಸ್ಟಾರ್ಟರ್ ಬಿಚ್ಚಿ ಬಳೆಯ ಮೇಲಿನ ಗುರುತನ್ನು ನೋಡಿ. ನೋಡಿದ ಮೇಲೆ ಅದನ್ನು ಒರಸಿಬಿಡಿ. ಹಲ್ಲಿನ ತುದಿಗೆ ಮಾತ್ರ ನೀಲಿ ತಾಗಿದ್ದರೆ ಪಿನಿಯನ್ನು ದೂರವಾಯಿತು. ಬುಡದವರೆಗೂ ಹತ್ತಿದ್ದರೆ ಹತ್ತಿರವಾಯಿತು.

ಕಿವಿಯೂ ಒಳ್ಳೆಯ ಸಾಧನ. ಇಂಜಿನನ್ನು ತಿರುಗಿಸುತ್ತಿರುವಾಗಲೇ ತೀಕ್ಷ್ಣವಾದ ಕೀರಲು ಸದ್ದು ಬಂದರೆ ಹಲ್ಲುಗಳ ನಡುವೆ ಅಂತರ ಹೆಚ್ಚು. ಹೊತ್ತಿಕೊಂಡು ಕೀಲಿ ಬಿಟ್ಟ ಮೇಲೆ ಊಳಿಟ್ಟಂತೆ ಕೇಳಿದರೆ ಅಂತರ ಕಡಿಮೆ. ಅರೆಯುವ ಸದ್ದು ಬಂದರಂತೂ ಎರಡನೆಯ ಬಾರಿ ಕೀಲಿಗೆ ಕೈಹಾಕಬೇಡಿ. ನಾನು ಹಾಕಿ ಕೆಟ್ಟೆ.

ಅಂಗಡಿಯವರೊಡನೆ ಮಾತು

ಕಾರ್ಖಾನೆ ನಿಂತ ಮೇಲೆ ಅಂಬಾಸಿಡರಿನ ಬಿಡಿಭಾಗಗಳಿಗೆ ಕೋಲ್ಕತ್ತದ ಮಲ್ಲಿಕ್ ಬಜಾರು, ಚೆನ್ನೈಯ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆ ಇಂಥ ಪೇಟೆಗಳೇ ಗತಿ. ನಮ್ಮವರಿಗೆ ಒಂದು ತೊಡಕು ಹೆಚ್ಚು. ಇಲ್ಲಿ ವರ್ಕ್‌ಶಾಪಿನ ಮಾತು ಮಲೆಯಾಳ, ಅಂಗಡಿಯದು ತಮಿಳೋ ಹಿಂದಿಯೋ, ಚೀಟಿ ಇಂಗ್ಲಿಷಿನಲ್ಲಿ. ‘ಅದೇ, ಹಳೆಯದೇ, ದುಂಡನೆಯದು’ ಎಂಬ ವಿವರಣೆ ಮೂರು ಭಾಷೆಗಳನ್ನು ದಾಟುವಷ್ಟರಲ್ಲಿ ಬೇರೆಯೇ ವಸ್ತುವಾಗಿರುತ್ತದೆ. ಒಂಬತ್ತು ಹಲ್ಲು ಎಂಬುದು ಮಾತ್ರ ಎಲ್ಲಿಗೆ ಹೋದರೂ ಒಂಬತ್ತೇ. ಆದ್ದರಿಂದ ಮಾತಿಗಿಂತ ಅಳತೆಯನ್ನೇ ಕಳುಹಿಸಿ. ಮೇಲಿನ ಏಳು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು, ಹಳೆಯ ಸ್ಟಾರ್ಟರನ್ನು ಅಡಿಕೋಲಿನ ಪಕ್ಕದಲ್ಲಿಟ್ಟು ತೆಗೆದ ಚಿತ್ರವನ್ನು ಫೋನಿನಲ್ಲಿ ಕಳುಹಿಸಿದರೆ ತಿಳಿದ ಅಂಗಡಿಯವನಿಗೆ ಅಷ್ಟೇ ಸಾಕು. ಹೊಂದದಿದ್ದರೆ ಮರಳಿ ತೆಗೆದುಕೊಳ್ಳುವಿರಾ ಎಂಬುದನ್ನು ಹಣ ಕಳುಹಿಸುವ ಮೊದಲೇ ಬರಹದಲ್ಲಿ ಪಡೆಯಿರಿ. ನನಗೆ ಆ ಬುದ್ಧಿ ಬಂದದ್ದು ಹಣ ಹೋದ ಮೇಲೆ.

ಕೊನೆಗೆ ನಮ್ಮ ಕಾರಿಗೆ ಬೇಕಾದ ಪಿನಿಯನ್ನು ಸಿಕ್ಕಿದ್ದು ದೂರದಲ್ಲೆಲ್ಲೂ ಅಲ್ಲ. ಕುಂಬಳೆ ಕಡೆಯ ಹಳೆಯ ಟ್ಯಾಕ್ಸಿ ಚಾಲಕರೊಬ್ಬರು ತಮ್ಮ ಅಟ್ಟದ ಮೇಲೆ ಒಂದು ಕೆಟ್ಟ ಸ್ಟಾರ್ಟರನ್ನು ಗೋಣಿಯಲ್ಲಿ ಸುತ್ತಿಟ್ಟಿದ್ದರು. ಎಣಿಸಿದೆವು, ಒಂಬತ್ತು ಹಲ್ಲು. ಅಳೆದೆವು, ಸರಿಬಂತು. ನಮ್ಮ ಹಳೆಯ ಸ್ಟಾರ್ಟರಿಗೆ ಹೊಸ ಬ್ರಷ್ಷು ಬುಷ್ಷುಗಳನ್ನೂ, ಅವರ ಪಿನಿಯನ್ನನ್ನೂ ಸೇರಿಸಿ, ಹೊಸ ಬಳೆಯೊಡನೆ ಕೂರಿಸಿದ್ದಾಯಿತು. ಅವರು ಹಣ ಮುಟ್ಟಲಿಲ್ಲ. ‘ನಿನ್ನ ತಂದೆ ಒಂದು ರಾತ್ರಿ ನನ್ನ ಹೆಂಡತಿಯನ್ನು ಮಂಗಳೂರಿಗೆ ಮುಟ್ಟಿಸಿದ್ದಾರೆ’ ಎಂದಷ್ಟೇ ಹೇಳಿದರು.

ಮನೆಗೆ ಬಂದು ಕೀಲಿ ತಿರುಗಿಸಿದಾಗ ಒಂದೇ ಎಳೆತಕ್ಕೆ ಇಂಜಿನು ಎದ್ದಿತು. ತಂದೆಯವರು ಜಗಲಿಯಿಂದಲೇ ಕಿವಿಗೊಟ್ಟು ಕೇಳಿ, ‘ಚೋಕ್ ಸ್ವಲ್ಪ ಒಳಗೆ ತಳ್ಳು’ ಎಂದರು. ಮದುವೆಯಾದ ಮೇಲೆ ಕಾರಿನ ಬಗ್ಗೆ ಅವರಾಡಿದ ಮೊದಲ ಮಾತು ಅದು.

ನಿಮ್ಮ ಅಟ್ಟದಲ್ಲಿಯೂ ಇಂಥ ಹಳೆಯ ಬಿಡಿಭಾಗಗಳಿದ್ದರೆ ಗುಜರಿಗೆ ಹಾಕುವ ಮೊದಲು ಹಲ್ಲೆಣಿಸಿ ಒಂದು ಚೀಟಿ ಕಟ್ಟಿಡಿ. ಯಾರದೋ ಅಂಗಳದ ಕಾರಿಗೆ ಅದು ಬೇಕಾದೀತು.